ಹ್ಯಾಮ್‌ಗಳ ಕಪಾಟು ಉಳಿದದ್ದು ಹೇಗೆ: ದಾವಣಗೆರೆಯ ಒಂದು ಬಿಡಿಭಾಗದ ಅಂಗಡಿಯ ಪ್ರಕರಣ ಅಧ್ಯಯನ

ದಾವಣಗೆರೆಯ ಹಳೆಯ ಪೇಟೆಯಲ್ಲಿರುವ ಒಂದು ಎಲೆಕ್ಟ್ರಾನಿಕ್ ಬಿಡಿಭಾಗಗಳ ಅಂಗಡಿಯ ಪ್ರಕರಣವಿದು. ಅಂಗಡಿಯ ಹೆಸರು, ಬೀದಿ, ಕುಟುಂಬದ ಗುರುತು ಹೇಳುವ ವಿವರಗಳನ್ನು ಬಿಟ್ಟಿದ್ದೇನೆ ಇಲ್ಲವೇ ಬದಲಿಸಿದ್ದೇನೆ. ಅಂಗಡಿ ಹಾಕಿದವರನ್ನು ಹಿರಿಯರು ಎಂದೂ ಈಗ ನಡೆಸುತ್ತಿರುವವರನ್ನು ಮಗ ಎಂದೂ ಕರೆಯುತ್ತೇನೆ. ನಾನು ಹವ್ಯಾಸಿ ರೇಡಿಯೊ ಪರವಾನಗಿ ಪಡೆದವನು, ಅಂದರೆ ಸ್ವಂತ ರೇಡಿಯೊ ಸೆಟ್ಟಿನಿಂದ ಬೇರೆ ಹವ್ಯಾಸಿಗಳೊಡನೆ ಮಾತಾಡುವ ಹ್ಯಾಮ್; ಆ ಅಂಗಡಿಯ ಹಳೆಯ ಗಿರಾಕಿ. ಈಚಿನ ವರ್ಷಗಳಲ್ಲಿ ಲೆಕ್ಕದ ಪುಸ್ತಕ ನೋಡಲು ಅವರೇ ಕರೆದು ಕೂರಿಸಿಕೊಂಡಿದ್ದರಿಂದ ಒಳಗಿನ ಹೂರಣವೂ ಗೊತ್ತಾಯಿತು.

ರಾಜ್ಯದ ಸಣ್ಣ ನಗರಗಳಲ್ಲಿ ಇಂಥ ಅಂಗಡಿಗಳು ಮುಚ್ಚಿದಾಗಲೆಲ್ಲ "ಆನ್‌ಲೈನ್ ಬಂತು, ಅಂಗಡಿ ಹೋಯಿತು" ಎಂಬ ಮಾತು ಕೇಳಿಬರುತ್ತದೆ. ಈ ಪ್ರಕರಣ ನೋಡಿದ ಮೇಲೆ ನಾನು ಆ ಮಾತನ್ನು ಒಪ್ಪುವುದಿಲ್ಲ. ಇಲ್ಲಿ ಪೆಟ್ಟು ಬಿದ್ದದ್ದು ಬೇರೆ ಕಡೆಯಿಂದ, ಅದೂ ಬಹಳ ಮೊದಲೇ.

ಹಿನ್ನೆಲೆ

ಹಿರಿಯರು ಮೊದಲು ಹತ್ತಿ ಗಿರಣಿಯೊಂದರ ವಿದ್ಯುತ್ ವಿಭಾಗದಲ್ಲಿದ್ದರು. 1970ರ ದಶಕದ ಕೊನೆಗೆ ಆ ಕೆಲಸ ಬಿಟ್ಟು ರೇಡಿಯೊ ರಿಪೇರಿ ಮತ್ತು ಸ್ಪೇರ್ಸ್ ಅಂಗಡಿ ಹಾಕಿದರು. ಮನೆಮನೆಯಲ್ಲೂ ಭದ್ರಾವತಿ ಆಕಾಶವಾಣಿ ಕೇಳುತ್ತಿದ್ದ ಕಾಲ ಅದು. ಸ್ಪೀಕರ್ ಹರಿದರೆ, ಗ್ಯಾಂಗ್ ಕಂಡೆನ್ಸರ್ ಕರಕರ ಎಂದರೆ, ವಾಲ್ವ್ ಸುಟ್ಟರೆ ಜನ ಅಲ್ಲಿಗೆ ಬರುತ್ತಿದ್ದರು. ಸರಕು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ರಾತ್ರಿ ಬಸ್ಸಿನಲ್ಲಿ ಬರುತ್ತಿತ್ತು.

ಹ್ಯಾಮ್‌ಗಳು ಆ ಅಂಗಡಿಗೆ ಬಂದದ್ದು ತಾವಾಗಿಯೇ. ಎಂಜಿನಿಯರಿಂಗ್ ಕಾಲೇಜಿನ ಅಧ್ಯಾಪಕರು, ದೂರವಾಣಿ ಇಲಾಖೆಯ ನೌಕರರು, ಒಬ್ಬಿಬ್ಬರು ವೈದ್ಯರು, ಚಿತ್ರದುರ್ಗದಿಂದ ಭಾನುವಾರ ಬರುತ್ತಿದ್ದ ಇಬ್ಬರು ಮೇಷ್ಟ್ರು, ಇಷ್ಟೇ ಗುಂಪು. ಹವ್ಯಾಸಿ ರೇಡಿಯೊ ನಡೆಸಲು ಕೇಂದ್ರ ಸಂಪರ್ಕ ಸಚಿವಾಲಯದ ವೈರ್‌ಲೆಸ್ ವಿಭಾಗ ನಡೆಸುವ ಪರೀಕ್ಷೆ ಪಾಸಾಗಿ ಪರವಾನಗಿ ಪಡೆಯಬೇಕು. ಆಗ ಪರೀಕ್ಷೆ ಪಾಸಾದ ಮೇಲೂ ಪರವಾನಗಿ ಕೈಸೇರಲು ತಿಂಗಳುಗಟ್ಟಲೆ ಕಾಯಬೇಕಿತ್ತು. ವಿದೇಶಿ ರಿಗ್, ಅಂದರೆ ಸಿದ್ಧ ರೇಡಿಯೊ ಸೆಟ್, ಕೊಳ್ಳುವುದು ಸಂಬಳದಾರರ ಕೈಗೆಟುಕುವ ಮಾತಾಗಿರಲಿಲ್ಲ. ಹಾಗಾಗಿ 807 ವಾಲ್ವ್ ಇಟ್ಟುಕೊಂಡು ಟ್ರಾನ್ಸ್‌ಮಿಟರನ್ನು ಮನೆಯಲ್ಲೇ ಕಟ್ಟುತ್ತಿದ್ದರು. ಮುಂದೆ ಎಸ್‌ಎಲ್100ರಂಥ ಟ್ರಾನ್ಸಿಸ್ಟರುಗಳು ಬಂದವು. ರಾಜೀವ್ ಗಾಂಧಿ ಪ್ರಧಾನಿಯಾದಾಗ ಅವರಿಗೂ ವಿಯು2ಆರ್‌ಜಿ ಎಂಬ ಹ್ಯಾಮ್ ಕರೆಸಂಕೇತ ಇದೆಯೆಂಬ ಸುದ್ದಿ ಹರಡಿ ಇನ್ನಷ್ಟು ವಿದ್ಯಾರ್ಥಿಗಳು ಕುತೂಹಲದಿಂದ ಬಂದರು.

ಹಿರಿಯರು ತಾವು ಎಂದೂ ಪರವಾನಗಿ ಪಡೆಯಲಿಲ್ಲ. ಆದರೆ ಹ್ಯಾಮ್‌ಗಳಿಗೆಂದೇ ಒಂದು ಮರದ ಕಪಾಟು ಮಾಡಿಸಿದರು. ಜೊತೆಗೆ ಉದ್ದನೆಯ ನೋಟ್ ಪುಸ್ತಕವೊಂದನ್ನು ಇಟ್ಟರು. ಗಿರಾಕಿ ಕೇಳಿ, ಇವರು "ಇಲ್ಲ" ಎಂದು ಕಳಿಸಿದ ಪ್ರತಿಯೊಂದು ವಸ್ತುವನ್ನೂ ದಿನಾಂಕ ಹಾಕಿ ಅದರಲ್ಲಿ ಬರೆಯುತ್ತಿದ್ದರು. ಒಂದೇ ವಸ್ತುವನ್ನು ಮೂವರು ಬೇರೆ ಬೇರೆಯಾಗಿ ಕೇಳಿದರೆ ಮುಂದಿನ ಸಲ ಬೆಂಗಳೂರಿಗೆ ಹೋದಾಗ ಅದು ಬರುತ್ತಿತ್ತು. ನಾನು ನೋಡಿದ ಒಂದು ಹಾಳೆಯಲ್ಲಿ "50 ಓಮ್ ಕೇಬಲ್, ಟಿ.ವಿ.ಯದು ಬೇಡವಂತೆ" ಎಂದಿತ್ತು. ಟಿ.ವಿ. ಆಂಟೆನಾಗೆ ಬಳಸುವ ಕೇಬಲ್ 75 ಓಮ್‌ನದು, ಟ್ರಾನ್ಸ್‌ಮಿಟರಿಗೆ ಬೇಕಾದದ್ದು 50 ಓಮ್‌ನದು. ಹೊರನೋಟಕ್ಕೆ ಎರಡೂ ಕಪ್ಪು ಕೇಬಲ್. ಆ ವ್ಯತ್ಯಾಸವನ್ನು ಹಿರಿಯರು ಕಲಿತದ್ದು ಆ ಸಾಲಿನಿಂದ.

ಕಪಾಟಿನ ಲೆಕ್ಕ ಮಾತ್ರ ಯಾವ ಕಾಲದಲ್ಲೂ ಭರ್ಜರಿಯಾಗಿರಲಿಲ್ಲ. ಒಟ್ಟು ವ್ಯಾಪಾರದಲ್ಲಿ ಹ್ಯಾಮ್‌ಗಳ ಪಾಲು ಹತ್ತರಲ್ಲಿ ಒಂದನ್ನೂ ಮುಟ್ಟಿರಲಿಲ್ಲ. ಅಂಗಡಿಯ ಬೆನ್ನೆಲುಬು ಬೇರೆಯೇ ಇತ್ತು. 1982ರಲ್ಲಿ ಬಣ್ಣದ ದೂರದರ್ಶನ ಬಂದ ಮೇಲೆ ಟಿ.ವಿ. ರಿಪೇರಿ ಸಾಮಾನು, ವೋಲ್ಟೇಜ್ ಏರಿಳಿತದ ದೆಸೆಯಿಂದ ಸ್ಟೆಬಿಲೈಸರ್, ಆಮೇಲೆ ಕೇಬಲ್ ಟಿ.ವಿ.ಯವರ ಬೂಸ್ಟರ್. ಟಿ.ವಿ. ಮೆಕ್ಯಾನಿಕ್ ಒಯ್ಯುತ್ತಿದ್ದ ಟ್ರಾನ್ಸಿಸ್ಟರ್, ಫೆರೈಟ್ ಕೋರ್, ಸೆರಾಮಿಕ್ ಕಂಡೆನ್ಸರುಗಳನ್ನೇ ಹ್ಯಾಮ್ ಕೂಡ ಒಯ್ಯುತ್ತಿದ್ದ. ಹೈದರಾಬಾದಿನ ಅಶ್ಹರ್ ಫರ್ಹಾನ್ 2003ರ ಸುಮಾರಿಗೆ ಬಿಟ್ಎಕ್ಸ್ ಎಂಬ ಟ್ರಾನ್ಸೀವರ್ (ಕಳಿಸುವ, ಕೇಳುವ ಎರಡೂ ಕೆಲಸ ಮಾಡುವ ಸೆಟ್) ವಿನ್ಯಾಸವನ್ನು ಎಲ್ಲರಿಗೂ ಬಿಡುಗಡೆ ಮಾಡಿದಾಗ ಅದು ನಮ್ಮಲ್ಲಿ ಹಬ್ಬಿದ್ದಕ್ಕೆ ಇದೇ ಕಾರಣ. ವಿದೇಶದಿಂದ ಟೊರಾಯ್ಡ್ ಎಂಬ ಉಂಗುರದ ಕೋರ್ ತರಿಸಲಾಗದವರು ಅದರ ಕಾಯಿಲನ್ನು ನಲ್ಲಿಯ ನೈಲಾನ್ ವಾಷರಿನ ಮೇಲೆ ಸುತ್ತಬಹುದಿತ್ತು. ಉಳಿದ ಸಾಮಾನಿನ ಬಹುಪಾಲು ಸಾಧಾರಣ ಸ್ಪೇರ್ಸ್ ಅಂಗಡಿಯದೇ. ದಾವಣಗೆರೆಯಲ್ಲಿ ಎನಾಮೆಲ್ ತಾಮ್ರದ ತಂತಿಗೂ ಬರವಿರಲಿಲ್ಲ. ಸುತ್ತಲಿನ ಹಳ್ಳಿಗಳ ಕೊಳವೆಬಾವಿ ಮೋಟರು ಸುಟ್ಟಾಗಲೆಲ್ಲ ವೈಂಡಿಂಗ್ ಅಂಗಡಿಗಳಿಗೆ ಕೆಲಸ ಬೀಳುತ್ತದೆ, ಅಲ್ಲಿ ಬೇಕಾದ ಗೇಜಿನ ತಂತಿ ತೂಕದ ಲೆಕ್ಕದಲ್ಲಿ ಸಿಗುತ್ತದೆ.

ಅಂದರೆ ಹ್ಯಾಮ್‌ಗಳ ಕಪಾಟು ದೊಡ್ಡ ಮರವೊಂದಕ್ಕೆ ಹಬ್ಬಿದ ಬಳ್ಳಿ. ಮರ ಇರುವವರೆಗೆ ಬಳ್ಳಿಗೆ ಎಷ್ಟು ಖರ್ಚಾಗುತ್ತದೆ ಎಂದು ಯಾರೂ ಕೇಳುವುದಿಲ್ಲ.

ಸಮಸ್ಯೆ ಎಲ್ಲಿ ಹುಟ್ಟಿತು

ಮರ ಒಣಗಿತು. ಪಿಕ್ಚರ್ ಟ್ಯೂಬಿನ ಟಿ.ವಿ. ಹೋಗಿ ಚಪ್ಪಟೆ ಟಿ.ವಿ. ಬಂದಾಗ ರಿಪೇರಿ ಎಂದರೆ ಇಡೀ ಬೋರ್ಡ್ ಬದಲಿಸುವುದು ಎಂದಾಯಿತು. ಬೋರ್ಡಿನ ಮೇಲಿನ ಭಾಗಗಳು ಸಾಸಿವೆ ಕಾಳಿಗಿಂತ ಸಣ್ಣವು. ಮೆಕ್ಯಾನಿಕ್‌ಗಳೇ ವೃತ್ತಿ ಬಿಟ್ಟರು. ಕೆಲವರು ಸಿಸಿಟಿವಿ ಹಾಕಲು, ಕೆಲವರು ಡಿಟಿಎಚ್ ತಟ್ಟೆ ಕೂರಿಸಲು ಹೋದರು. 2010ರ ಹೊತ್ತಿಗೆ ಅಂಗಡಿಯ ಮುಖ್ಯ ಗಿರಾಕಿ ವರ್ಗವೇ ಕರಗಿತ್ತು. ಆಗಿನ್ನೂ ಬಿಡಿಭಾಗಗಳನ್ನು ಆನ್‌ಲೈನಿನಲ್ಲಿ ತರಿಸುವ ಅಭ್ಯಾಸ ನಮ್ಮ ಊರಿಗೆ ಬಂದೇ ಇರಲಿಲ್ಲ ಎಂಬುದನ್ನು ಗಮನಿಸಬೇಕು. ಅದು ಬರುವ ಮೊದಲೇ ಗೋದಾಮಿನ ಅರ್ಧ ಸರಕು ಸತ್ತ ದಾಸ್ತಾನಾಗಿತ್ತು.

ಮಗ ವ್ಯವಹಾರ ವಹಿಸಿಕೊಂಡದ್ದು ಇದೇ ಸಮಯದಲ್ಲಿ. ಅವರು ಮಾಡಿದ ಮೊದಲ ತೀರ್ಮಾನ ಎಲ್ಲರೂ ಮಾಡುತ್ತಿದ್ದದ್ದೇ: ಮುಂದಿನ ಅರ್ಧ ಕೌಂಟರನ್ನು ಮೊಬೈಲ್ ಕವರ್, ಚಾರ್ಜರ್, ಇಯರ್‌ಫೋನ್‌ಗೆ ಬಿಟ್ಟುಕೊಟ್ಟರು. ಎರಡನೆಯ ತೀರ್ಮಾನ ಯಾರ ಗಮನಕ್ಕೂ ಬರಲಿಲ್ಲ. "ಇಲ್ಲ" ಎಂದದ್ದನ್ನು ಬರೆಯುವ ಪುಸ್ತಕ ನಿಂತುಹೋಯಿತು. ಬಿಡಿಭಾಗಗಳ ಹೆಸರು ಬಾಯಲ್ಲೇ ಇದ್ದ ಹಳೆಯ ಸಹಾಯಕ ಸಂಬಳ ಸಾಲದೆ ಬಿಟ್ಟುಹೋದರು. ಅವರ ಜಾಗಕ್ಕೆ ಬಂದ ಹುಡುಗನಿಗೆ ಮೊಬೈಲ್ ಮಾಡೆಲ್‌ಗಳು ಗೊತ್ತಿದ್ದವು, ಕಂಡೆನ್ಸರಿನ ಮೇಲಿನ 104 ಎಂಬ ಬರಹದ ಅರ್ಥ ಗೊತ್ತಿರಲಿಲ್ಲ. "ಅದು ಈಗ ಬರುವುದಿಲ್ಲ ಸರ್" ಎನ್ನುತ್ತಿದ್ದ. ಎಷ್ಟೋ ಸಲ ಅದೇ ವಸ್ತು ಅವನ ಹಿಂದಿನ ಕಪಾಟಿನಲ್ಲಿರುತ್ತಿತ್ತು.

ಹೊರದೇಶಗಳಲ್ಲಿ ಇದೇ ದಾರಿ ಹಿಡಿದ ದೊಡ್ಡ ಅಂಗಡಿಗಳ ಗತಿ ನೆನಪಿಸಿಕೊಳ್ಳಬೇಕು. 1921ರಲ್ಲಿ ಬಾಸ್ಟನ್ನಿನಲ್ಲಿ ಹವ್ಯಾಸಿ ರೇಡಿಯೊದವರಿಗೆ ಸಾಮಾನು ಮಾರಲೆಂದೇ ಶುರುವಾದ ರೇಡಿಯೊಶ್ಯಾಕ್, ಕೊನೆಗೆ ಮೊಬೈಲ್ ಮಾರಾಟವನ್ನೇ ನೆಚ್ಚಿಕೊಂಡು 2015ರಲ್ಲಿ ದಿವಾಳಿ ಅರ್ಜಿ ಹಾಕಿತು. ಹವ್ಯಾಸಿಗಳಿಗೆ ಕಿಟ್ ಮತ್ತು ಬಿಡಿಭಾಗ ಮಾರಿ ಬೆಳೆದ ಆಸ್ಟ್ರೇಲಿಯಾದ ಡಿಕ್ ಸ್ಮಿತ್ ಮಳಿಗೆಗಳು ಗೃಹಬಳಕೆಯ ಎಲೆಕ್ಟ್ರಾನಿಕ್ಸ್ ಕಡೆ ತಿರುಗಿ 2016ರಲ್ಲಿ ಮುಚ್ಚಿದವು. ಸಾವಿರಾರು ಮಳಿಗೆಗಳ ಸಂಸ್ಥೆಗೂ ದಾವಣಗೆರೆಯ ಒಂದು ಕೌಂಟರಿಗೂ ಒಂದೇ ಆಮಿಷ ಎದುರಾಗಿತ್ತು. ಎಲ್ಲರೂ ಮಾರುವ ಸರಕನ್ನು ತಾವೂ ಮಾರಿದರೆ ಬೆಲೆ ಇಳಿಸುವುದನ್ನು ಬಿಟ್ಟು ಬೇರೆ ಅಸ್ತ್ರ ಉಳಿಯುವುದಿಲ್ಲ. ಮೊದಲ ಎರಡು ವರ್ಷ ಮೊಬೈಲ್ ಸಾಮಾನು ಲಾಭ ತಂದಿತು. ನಂತರ ಅದೇ ಬೀದಿಯಲ್ಲಿ ಅದೇ ಸರಕಿನ ಅಂಗಡಿಗಳು ಸಾಲಾಗಿ ಎದ್ದವು.

ಮಾಡಿ ನೋಡಿದ್ದು

ಮಗ ಎರಡನೆಯದಾಗಿ ಹಿಡಿದದ್ದು ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು. ಊರಲ್ಲಿ ಯುಬಿಡಿಟಿ, ಬಿಐಇಟಿಯಂಥ ಎಂಜಿನಿಯರಿಂಗ್ ಕಾಲೇಜುಗಳಿವೆ. ಕೊನೆಯ ವರ್ಷದ ಪ್ರಾಜೆಕ್ಟ್ ಕಾಲದಲ್ಲಿ ಆರ್ಡುಯಿನೊ, ಸೆನ್ಸರ್, ರಿಲೇ ಬೋರ್ಡುಗಳಿಗೆ ಒಳ್ಳೆಯ ಬೇಡಿಕೆ. ಅಂಗಡಿ ಉಸಿರಾಡಿದ್ದು ಇದರಿಂದ. ತೊಂದರೆ ಎಂದರೆ ಪ್ರತಿ ವರ್ಷ ಫ್ಯಾಷನ್ ಬದಲಾಗುತ್ತಿತ್ತು. ಕಳೆದ ವರ್ಷದ ಮಾಡ್ಯೂಲ್ ಈ ವರ್ಷ ಯಾರಿಗೂ ಬೇಡ. ಸಿದ್ಧ ಪ್ರಾಜೆಕ್ಟನ್ನೇ ಕಟ್ಟಿಕೊಡಿ ಎಂದು ಕೇಳುವವರೂ ಬಂದರು, ಅದರಲ್ಲಿ ದುಡ್ಡು ಚೆನ್ನಾಗಿತ್ತು. ಹಿರಿಯರು ಒಪ್ಪಲಿಲ್ಲ. ನನ್ನ ಮಟ್ಟಿಗೆ ಅದು ಸರಿಯಾದ ನಿಲುವು. ಬೆಸುಗೆ ಹಾಕಲು ಕಲಿಯದೆ ಹೊರಟ ವಿದ್ಯಾರ್ಥಿ ಮತ್ತೆ ಎಂದೂ ಬಿಡಿಭಾಗದ ಅಂಗಡಿ ಮೆಟ್ಟಿಲು ಹತ್ತುವುದಿಲ್ಲ.

ಮೂರನೆಯದು ದೊಡ್ಡ ಪರೀಕ್ಷೆ. ಅಗ್ಗದ ಚೀನಾ ವಾಕಿಟಾಕಿಗಳು ಮಾರುಕಟ್ಟೆಗೆ ನುಗ್ಗಿದಾಗ ಸಗಟು ವ್ಯಾಪಾರಿಯೊಬ್ಬರು ಒಂದು ಪೆಟ್ಟಿಗೆ ತಂದಿಟ್ಟು, ಮಾರಿದ ಮೇಲೆ ದುಡ್ಡು ಕೊಟ್ಟರೆ ಸಾಕು ಎಂದರು. ಕೇಳಿದವರು ಹ್ಯಾಮ್‌ಗಳಿಗಿಂತ ಹೆಚ್ಚಾಗಿ ಕಲ್ಲುಗಣಿಯವರು, ಮದುವೆ ಮಂಟಪದವರು, ಜಾತ್ರೆಯ ಸಂಘಟಕರು. ಮಗನಿಗೆ ಆಸೆ ಇತ್ತು.

"ಅಪ್ಪಾ, ನಾವು ಬೇಡವೆಂದರೂ ಪಕ್ಕದವರು ಮಾರುತ್ತಾರೆ."

"ಮಾರಲಿ. ಕೊಳ್ಳುವವನಿಗೆ ಲೈಸೆನ್ಸ್ ಇದೆಯೇ ಎಂದು ಕೇಳದೆ ಕೊಡುವ ಸಾಮಾನಲ್ಲ ಅದು. ನಾವು ಮಾರಬೇಕಾದರೆ ನಮಗೂ ಒಂದು ಲೈಸೆನ್ಸ್ ಬೇಕು. ನೀನು ಅದನ್ನು ಮೊದಲು ತೆಗೆದುಕೋ."

ಹಿರಿಯರು ಹೇಳಿದ್ದು ಕಾನೂನಿನ ಮಾತು. 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಇಂಥ ಉಪಕರಣ ಇಟ್ಟುಕೊಳ್ಳುವುದೇ ಅಪರಾಧವಾಗಿತ್ತು, ಮಾರುವವರಿಗೆ ಡೀಲರ್ ಪರವಾನಗಿ ಪ್ರತ್ಯೇಕವಾಗಿ ಬೇಕಿತ್ತು. ಪೆಟ್ಟಿಗೆ ವಾಪಸು ಹೋಯಿತು. ಆ ವರ್ಷ ಅದು ನಷ್ಟದಂತೆಯೇ ಕಂಡಿತು. 2025ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ವಾಕಿಟಾಕಿಗಳ ಅಕ್ರಮ ಆನ್‌ಲೈನ್ ಮಾರಾಟದ ವಿರುದ್ಧ ಮಾರ್ಗಸೂಚಿ ಹೊರಡಿಸಿದಾಗ ಈ ಅಂಗಡಿಗೆ ಹೆದರುವ ಕಾರಣವೇ ಇರಲಿಲ್ಲ.

ತಿರುವು

ಇಷ್ಟರಲ್ಲಿ ಒಂದು ಕೆಟ್ಟ ಘಟನೆ ನಡೆಯಿತು. ಬಿಟ್ಎಕ್ಸ್‌ನ ಕೊನೆಯ ಹಂತದಲ್ಲಿ ಐಆರ್‌ಎಫ್510 ಎಂಬ ಮಾಸ್‌ಫೆಟ್, ಅಂದರೆ ಒಂದು ಬಗೆಯ ಟ್ರಾನ್ಸಿಸ್ಟರ್, ಬಳಸುತ್ತಾರೆ. ಅಂಗಡಿಯಿಂದ ಒಯ್ದವರಲ್ಲಿ ಹಲವರು ವಾಪಸು ಬಂದರು. ಆರು ವ್ಯಾಟ್ ಬರಬೇಕಾದ ಕಡೆ ಒಂದು ವ್ಯಾಟೂ ಬರುತ್ತಿಲ್ಲ ಎಂಬುದು ದೂರು. ಮೊದಲಿಗೆ ಕಟ್ಟಿದವರ ಕೈಯ ದೋಷ ಎಂದುಕೊಂಡರು. ಚಿತ್ರದುರ್ಗದ ಹ್ಯಾಮ್ ಒಬ್ಬರು ಸಣ್ಣ ಕಾಂಪೊನೆಂಟ್ ಟೆಸ್ಟರ್ ತಂದು ಕೌಂಟರಿನ ಮೇಲೇ ಒಂದೊಂದನ್ನಾಗಿ ಸಿಕ್ಕಿಸಿ ತೋರಿಸಿದರು. ತಯಾರಕರ ಮಾಹಿತಿ ಪತ್ರದ ಪ್ರಕಾರ ಐಆರ್‌ಎಫ್510ರ ಗೇಟಿನ (ಸಂಕೇತ ಒಳಹೋಗುವ ಕಾಲಿನ) ಧಾರಕತೆ ಸುಮಾರು 180 ಪಿಕೋಫ್ಯಾರಡ್. ಡ್ರೇನ್ ಎಂಬ ಇನ್ನೊಂದು ಕಾಲಿಗೆ ವೋಲ್ಟೇಜ್ ಕೊಡದೆ ಅಳೆಯುವ ಇಂಥ ಟೆಸ್ಟರಿನಲ್ಲಿ ಅದಕ್ಕಿಂತ ಹೆಚ್ಚು ತೋರಿಸುವುದು ಸಹಜ. ಆದರೆ ಈ ಸರಕು ಸಾವಿರವನ್ನು ದಾಟಿ ಎಷ್ಟೋ ಮುಂದೆ ಹೋಯಿತು. ಬೇರೆ ಯಾವುದೋ ದೊಡ್ಡ ಮಾಸ್‌ಫೆಟ್ಟಿನ ಮೇಲಿನ ಅಕ್ಷರ ಉಜ್ಜಿ, ಹೊಸ ಹೆಸರು ಅಚ್ಚು ಹಾಕಿದ್ದ ಮಾಲು ಅದು. ಇನ್ವರ್ಟರಿಗೆ ಹಾಕಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಹ್ಯಾಮ್‌ಗಳು ಬಳಸುವ 14 ಮೆಗಾಹರ್ಟ್ಸ್ ಕಂಪನಾಂಕದಲ್ಲಿ ಅಷ್ಟು ದೊಡ್ಡ ಗೇಟು ಹಿಂದಿನ ಹಂತದಿಂದ ಬಂದ ಶಕ್ತಿಯನ್ನೆಲ್ಲ ನುಂಗಿಬಿಡುತ್ತದೆ.

ಅಂಗಡಿಯ ಮುಂದೆ ಎರಡು ದಾರಿಗಳಿದ್ದವು. ಉಳಿದ ಮಾಲನ್ನು ಇನ್ವರ್ಟರ್ ರಿಪೇರಿಯವರಿಗೆ ಸದ್ದಿಲ್ಲದೆ ದಾಟಿಸಬಹುದಿತ್ತು. ಇಲ್ಲವೇ ಕೊಂಡವರಿಗೆಲ್ಲ ಹಣ ವಾಪಸು ಕೊಟ್ಟು ಲುಕ್ಸಾನು ಹೊರಬೇಕಿತ್ತು. ಅವರು ಎರಡನೆಯದನ್ನು ಮಾಡಿದರು. ಜೊತೆಗೆ ಇನ್ನು ಮುಂದೆ ಹ್ಯಾಮ್‌ಗಳ ಕಪಾಟಿನಿಂದ ಪರೀಕ್ಷೆಯಾಗದ ಯಾವ ವಸ್ತುವೂ ಹೊರಗೆ ಹೋಗಬಾರದು ಎಂಬ ನಿಯಮ ಹಾಕಿಕೊಂಡರು. ಪರೀಕ್ಷೆಗೆ ಸಮಯ ಬೇಕು, ಸಮಯಕ್ಕೆ ದುಡ್ಡು ಬೇಕು, ಬೆಲೆ ಏರಿಸದೆ ಗತಿಯಿಲ್ಲ. ಬೆಲೆ ಏರಿದರೆ ಕೊಳ್ಳುವವರು ಇದ್ದಾರೆಯೇ ಎಂಬ ಪ್ರಶ್ನೆ ಅಲ್ಲಿಂದ ಎದ್ದಿತು.

ಅದಕ್ಕೆ ಉತ್ತರ ಹೊಳೆದದ್ದು ಸೊಸೆಗೆ. ವಿಜ್ಞಾನ ಪದವೀಧರೆಯಾದ ಆಕೆ ಅಷ್ಟು ಹೊತ್ತಿಗೆ ಲೆಕ್ಕ ನೋಡುತ್ತಿದ್ದರು, ಮೂಲೆ ಸೇರಿದ್ದ ಹಳೆಯ ನೋಟ್ ಪುಸ್ತಕಗಳನ್ನೂ ತಿರುವಿ ಹಾಕಿದ್ದರು. ಅವುಗಳಲ್ಲಿ ಮತ್ತೆ ಮತ್ತೆ ಬರುತ್ತಿದ್ದ ಒಂದು ಬೇಡಿಕೆ 10 ಮೆಗಾಹರ್ಟ್ಸ್ ಕ್ರಿಸ್ಟಲ್, ಅಂದರೆ ನಿಗದಿತ ಕಂಪನಾಂಕದಲ್ಲಿ ಕಂಪಿಸುವ ಸ್ಫಟಿಕದ ಬಿಡಿಭಾಗ. ಅಂಗಡಿಯಲ್ಲಿ ಕ್ರಿಸ್ಟಲ್ ಇದ್ದೇ ಇತ್ತು, ಆದರೂ ಗಿರಾಕಿ ಬರಿಗೈಯಲ್ಲಿ ಹೋಗಿದ್ದ.

"ಮಾವ, ಅವರಿಗೆ ಬೇಕಾದದ್ದು ಒಂದೇ ತರಹದ ಐದು ಕ್ರಿಸ್ಟಲ್. ನಾವು ಬಿಡಿಬಿಡಿಯಾಗಿ ಕೊಡುತ್ತಿದ್ದೇವೆ."

ವಿಷಯ ಹೀಗಿದೆ. ಬಿಟ್ಎಕ್ಸ್‌ನಂಥ ಸೆಟ್ಟಿನಲ್ಲಿ ಬೇಕಾದ ಧ್ವನಿಯನ್ನು ಮಾತ್ರ ಸೋಸಿ ಬಿಡುವ ಫಿಲ್ಟರಿಗೆ ನಾಲ್ಕು ಕ್ರಿಸ್ಟಲ್, ಜೊತೆಯ ಆಸಿಲೇಟರಿಗೆ (ಕಂಪನ ಹುಟ್ಟಿಸುವ ಸರ್ಕ್ಯೂಟಿಗೆ) ಒಂದು. ಎಲ್ಲದರ ಮೇಲೂ 10.000 ಎಂದೇ ಅಚ್ಚಾಗಿದ್ದರೂ ನಿಜವಾದ ಕಂಪನಾಂಕದಲ್ಲಿ ಒಂದಕ್ಕೊಂದಕ್ಕೆ ನೂರಾರು ಹರ್ಟ್ಸ್ ವ್ಯತ್ಯಾಸವಿರುತ್ತದೆ. ಫಿಲ್ಟರಿನವು ನೂರು ಹರ್ಟ್ಸ್‌ನೊಳಗೆ ಹೊಂದಿರಬೇಕು, ಇಲ್ಲದಿದ್ದರೆ ಮಾತು ಒಡೆದು ಕೇಳುತ್ತದೆ. ಹಾಗಾಗಿ ಐದಕ್ಕಾಗಿ ಹ್ಯಾಮ್ ಒಬ್ಬ ಮೂವತ್ತು ಕೊಂಡು, ಅಳೆದು, ಇಪ್ಪತ್ತೈದನ್ನು ಡಬ್ಬಿಯಲ್ಲಿ ಬಿಸಾಡುತ್ತಾನೆ. ಅಂಗಡಿಯೇ ಅಳೆದರೆ ಏನೂ ವ್ಯರ್ಥವಾಗುವುದಿಲ್ಲ. ಒಬ್ಬನ ಸೆಟ್ಟಿಗೆ ಹೊಂದದ್ದು ಇನ್ನೊಬ್ಬನ ಸೆಟ್ಟಿಗೆ ಹೊಂದುತ್ತದೆ.

ಒಂದು ಟ್ರಾನ್ಸಿಸ್ಟರಿನ ಆಸಿಲೇಟರ್, ಫ್ರೀಕ್ವೆನ್ಸಿ ಕೌಂಟರ್, ಮಾರ್ಕರ್ ಪೆನ್ನು, ಅಡಿಕೆ ಪೊಟ್ಟಣದಷ್ಟು ಸಣ್ಣ ಪ್ಲಾಸ್ಟಿಕ್ ಚೀಲಗಳು, ಸಲಕರಣೆ ಇಷ್ಟೇ. ಆಕೆ ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಕ್ರಿಸ್ಟಲನ್ನು ಸಾಕೆಟ್ಟಿಗೆ ಹಾಕಿ, ಅಂಕಿ ಕುಣಿದು ನಿಲ್ಲುವವರೆಗೆ ಕಾದು, ಕೊನೆಯ ಮೂರಂಕಿಯನ್ನು ಅದರ ತಗಡಿನ ನೆತ್ತಿಯ ಮೇಲೆ ಬರೆಯುತ್ತಿದ್ದರು. ಬೆರಳಿನ ಬಿಸಿಗೂ ಅಂಕಿ ಸರಿಯುತ್ತದೆ ಎಂದು ಕಂಡುಕೊಂಡು ಚಿಮಟ ಹಿಡಿದರು. ಐದರ ಚೀಲಕ್ಕೆ, ಐದನ್ನೂ ಬಿಡಿಯಾಗಿ ಕೊಂಡರೆ ಆಗುವ ಬೆಲೆಯ ಎರಡರಷ್ಟು ಇಟ್ಟರು. ಯಾರೂ ಚೌಕಾಸಿ ಮಾಡಲಿಲ್ಲ.

ಅಲ್ಲಿಂದ ದಾರಿ ತೆರೆಯಿತು. ಗೇಟ್ ಅಳೆದ ಮಾಸ್‌ಫೆಟ್, ಎರಡೂ ತುದಿಗೆ ಕನೆಕ್ಟರ್ ಬೆಸುಗೆ ಹಾಕಿದ 50 ಓಮ್ ಕೇಬಲ್, ವೈಂಡಿಂಗ್ ಅಂಗಡಿಯಿಂದ ತಂದು ಮೀಟರ್ ಲೆಕ್ಕದಲ್ಲಿ ಸುತ್ತಿಟ್ಟ ತಾಮ್ರದ ತಂತಿ, 7 ಮೆಗಾಹರ್ಟ್ಸ್ ಡೈಪೋಲ್ ಆಂಟೆನಾಗೆ ಇಪ್ಪತ್ತು ಮೀಟರಿಗಿಂತ ತುಸು ಉದ್ದವಾಗಿ ಕತ್ತರಿಸಿದ ತಂತಿಯ ಜೊತೆ ಇನ್ಸುಲೇಟರ್. "ಇಲ್ಲ" ಎಂದದ್ದನ್ನು ಬರೆಯುವುದು ಮತ್ತೆ ಶುರುವಾಯಿತು. 2020ರ ಲಾಕ್‌ಡೌನಿನಲ್ಲಿ ಮನೆಯಲ್ಲಿ ಕುಳಿತ ಹ್ಯಾಮ್‌ಗಳು ದೂರವಾಣಿಯಲ್ಲೇ ಕೇಳಿದರು. ಕೊರಿಯರ್ ಓಡಾಡತೊಡಗಿದ ಮೇಲೆ ದಾವಣಗೆರೆಯ ಹೊರಗಿನ ಗಿರಾಕಿಗಳು ಊರಿನವರಿಗಿಂತ ಹೆಚ್ಚಾದರು.

ಮುಖ್ಯ ರಸ್ತೆಯ ಬಾಡಿಗೆ ಕರಾರು ಮುಗಿದಾಗ ಮಗ ತೆಗೆದುಕೊಂಡ ತೀರ್ಮಾನವೂ ಇದಕ್ಕೆ ಸೇರಿದ್ದು. ಮೊಬೈಲ್ ಸಾಮಾನನ್ನು ಪೂರ್ತಿ ಬಿಟ್ಟು ಒಳಗಿನ ಗಲ್ಲಿಯೊಂದರ ಮೊದಲ ಮಹಡಿಗೆ ಅಂಗಡಿ ಸರಿಯಿತು. ದಾರಿಹೋಕರ ವ್ಯಾಪಾರ ಹೋಯಿತು, ಬಾಡಿಗೆಯೂ ಅರ್ಧಕ್ಕಿಂತ ಕೆಳಗಿಳಿಯಿತು.

ಫಲ

ಒಟ್ಟು ವಹಿವಾಟು ಹಿಂದಿಗಿಂತ ಕಡಿಮೆ. ಕೈಯಲ್ಲಿ ಉಳಿಯುವುದು ಮೊಬೈಲ್ ಕಾಲದ ಕೊನೆಯ ವರ್ಷಗಳಿಗಿಂತ ಹೆಚ್ಚು, ಸತ್ತ ದಾಸ್ತಾನು ಬಹಳ ಕಡಿಮೆ. ಆದರೆ ಹ್ಯಾಮ್‌ಗಳಿಂದಲೇ ಸಂಸಾರ ನಡೆಯುತ್ತದೆಂದು ಯಾರೂ ತಿಳಿಯಬಾರದು. ಈಗಲೂ ಬೆನ್ನೆಲುಬು ಬೇರೆಯೇ: ಪಂಪ್ ಸ್ಟಾರ್ಟರ್ ಬೋರ್ಡಿನ ಬಿಡಿಭಾಗ, ಸೌರ ಚಾರ್ಜ್ ಕಂಟ್ರೋಲರ್, ಇನ್ವರ್ಟರ್ ಸಾಮಾನು. ಕೊಳವೆಬಾವಿ ನಂಬಿದ ತೋಟಗಳ ಸೀಮೆಯಲ್ಲಿ ಈ ಬೇಡಿಕೆ ಸದ್ಯಕ್ಕೆ ಬತ್ತುವಂಥದ್ದಲ್ಲ. ಹ್ಯಾಮ್‌ಗಳಿಗಾಗಿ ಕಲಿತ ಪರೀಕ್ಷೆಯ ಶಿಸ್ತು ಆ ವ್ಯಾಪಾರಕ್ಕೂ ಬಂತು. ಅಳೆದು ಕೊಡುತ್ತಾರೆ ಎಂಬ ಹೆಸರು ಕೇಳಿ ಹರಿಹರ, ಚನ್ನಗಿರಿಯ ಮೆಕ್ಯಾನಿಕ್‌ಗಳು ಮಹಡಿ ಹತ್ತಿ ಬರುತ್ತಾರೆ. ಲಾಭದ ಪುಸ್ತಕದಲ್ಲಿ ಹ್ಯಾಮ್‌ಗಳ ಕಪಾಟಿನ ಸಾಲು ಚಿಕ್ಕದಾಗಿ ಕಂಡರೂ ಅದರ ಫಲ ಬೇರೆ ಸಾಲುಗಳಲ್ಲಿ ಬಿದ್ದಿದೆ.

ಇನ್ನೊಂದು ಸಂಗತಿಯನ್ನು ನಾನು ಈ ಪುಸ್ತಕಗಳಿಂದಲೇ ಕಲಿತೆ. ಹ್ಯಾಮ್ ವ್ಯಾಪಾರದ ಏರಿಳಿತಕ್ಕೂ ಸೂರ್ಯನಿಗೂ ಸಂಬಂಧವಿದೆ. ಸೂರ್ಯನ ಕಲೆಗಳು ಸುಮಾರು ಹನ್ನೊಂದು ವರ್ಷಕ್ಕೊಮ್ಮೆ ಹೆಚ್ಚಿ ಕುಗ್ಗುತ್ತವೆ. ಕುಗ್ಗಿದಾಗ 21 ಮತ್ತು 28 ಮೆಗಾಹರ್ಟ್ಸ್‌ನಲ್ಲಿ ದೂರದೇಶದ ದನಿ ಕೇಳುವುದು ವಿರಳ, ಆಂಟೆನಾ ಕಟ್ಟುವ ಹುಮ್ಮಸ್ಸೂ ತಗ್ಗುತ್ತದೆ. 2019ರ ಕೊನೆಗೆ ಆ ಚಕ್ರ ತಳ ಮುಟ್ಟಿತ್ತು. 2024ರಲ್ಲಿ ವಿಜ್ಞಾನಿಗಳು ಗರಿಷ್ಠ ಘಟ್ಟ ಬಂದಿದೆಯೆಂದು ಘೋಷಿಸಿದರು. ಅದೇ ಹೊತ್ತಿನಲ್ಲಿ ಎತ್ತರದ ಬ್ಯಾಂಡುಗಳ ಆಂಟೆನಾ ಸಾಮಾನಿಗೆ ಬೇಡಿಕೆ ಏರಿದ್ದು ಇವರ ಪುಸ್ತಕದಲ್ಲಿ ಎದ್ದು ಕಾಣುತ್ತದೆ. ಈ ವ್ಯಾಪಾರಕ್ಕೆ ಕೈಹಾಕುವವರು ಏರಿಕೆಯ ವರ್ಷ ನೋಡಿ ಗೋದಾಮು ತುಂಬಿಕೊಂಡರೆ ಇಳಿಕೆಯ ವರ್ಷಗಳಲ್ಲಿ ಕೈ ಸುಟ್ಟುಕೊಳ್ಳುತ್ತಾರೆ.

ಬೇರೆಯವರಿಗೆ ಈ ಪ್ರಕರಣ ಎಷ್ಟು ಅನ್ವಯಿಸುತ್ತದೆ? ಅಳೆದು ಕೊಡುವ ಕೆಲಸವನ್ನು ಯಾವ ಊರಿನಲ್ಲೂ ಮಾಡಬಹುದು. ಬಿಟ್ಎಕ್ಸ್ ಬೋರ್ಡುಗಳನ್ನು ಹೈದರಾಬಾದಿನಲ್ಲೇ ಕಟ್ಟಿ, ಕಾಯಿಲುಗಳನ್ನು ಸ್ಥಳೀಯ ಮಹಿಳೆಯರ ಕೈಯಲ್ಲಿ ಸುತ್ತಿಸಿ ಹೊರದೇಶಗಳಿಗೆ ಮಾರಿದ ಉದಾಹರಣೆಯೂ ನಮ್ಮ ಕಣ್ಮುಂದೆ ಇದೆ. ಆದರೆ ಕಾಲೇಜುಗಳಾಗಲೀ ಮೋಟರು ರಿಪೇರಿಯ ವ್ಯಾಪಾರವಾಗಲೀ ಇಲ್ಲದ ಊರಿನಲ್ಲಿ ಬರೀ ಹ್ಯಾಮ್‌ಗಳನ್ನು ನಂಬಿ ಅಂಗಡಿ ತೆರೆಯಿರಿ ಎಂದು ನಾನು ಯಾರಿಗೂ ಹೇಳಲಾರೆ. ಈ ಕುಟುಂಬದಲ್ಲಿ ಮೂವರು ಸಂಬಳವಿಲ್ಲದೆ ದುಡಿಯುತ್ತಾರೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅಳೆಯುವ ಕೆಲಸಕ್ಕೆ ಆಳು ಇಟ್ಟರೆ ಕ್ರಿಸ್ಟಲ್ ಚೀಲದ ಲಾಭ ಅಲ್ಲಿಗಲ್ಲಿಗೆ ಸರಿಹೋಗುತ್ತದೆ.

ಮಗ ಈಚೆಗೆ ಪರೀಕ್ಷೆ ಪಾಸಾಗಿ ವಿಯು3 ಎಂದು ಶುರುವಾಗುವ ಕರೆಸಂಕೇತ ಪಡೆದಿದ್ದಾರೆ. ಈಗ ಅವರ ಮುಂದಿರುವ ಪ್ರಶ್ನೆ ಡೀಲರ್ ಪರವಾನಗಿಯದು. ಅದು ದೊರೆತರೆ ಪರವಾನಗಿದಾರರಿಗೆ ಸಿದ್ಧ ರಿಗ್‌ಗಳನ್ನು ಕಾನೂನುಬದ್ಧವಾಗಿ ಮಾರಬಹುದು, ಆದರೆ ಬಂಡವಾಳ ಸಿಕ್ಕಿಹಾಕಿಕೊಳ್ಳುತ್ತದೆ. ಇತ್ತ ಪಂಪ್ ಸ್ಟಾರ್ಟರುಗಳ ಹೊಸ ಮಾದರಿಗಳು ಬಿಚ್ಚಲಾಗದಂತೆ ರೆಸಿನ್ ಸುರಿದ ಬೋರ್ಡುಗಳೊಂದಿಗೆ ಬರತೊಡಗಿವೆ. ಟಿ.ವಿ.ಗೆ ಆದದ್ದು ಸ್ಟಾರ್ಟರಿಗೂ ಆಗುವ ಲಕ್ಷಣವಿದು ಎಂದು ಸೊಸೆ ಗುರುತಿಸಿದ್ದಾರೆ. ಮುಂದಿನ ಬಾಡಿಗೆ ಕರಾರಿಗೆ ಮೊದಲು ಇನ್ನೊಂದು ಆಧಾರ ಹುಡುಕಬೇಕೆಂದು ಮೂವರೂ ಒಪ್ಪಿದ್ದಾರೆ. ವಿದ್ಯುತ್ ಸ್ಕೂಟರುಗಳ ಚಾರ್ಜರ್ ರಿಪೇರಿಯನ್ನು ಸಣ್ಣ ಪ್ರಮಾಣದಲ್ಲಿ ಶುರುಮಾಡಿ ನೋಡುತ್ತಿದ್ದಾರೆ.